ಪುಟ್ಟ ಆ ಕೋರ್ಸನ್ನು ತಗೊಳ್ಳಬೇಕಾ, ಬೇಡವಾ

ಗುಂಪು: ಅಜ್ಜಿ ಮನೆ (ಮಂಡ್ಯ–ಮೈಸೂರು)

ಪುಟ್ಟ: ಎಲ್ಲರೂ ಒಂದು ಸಲ ಈ ಲಿಂಕ್ ನೋಡಿ ಪ್ಲೀಸ್. ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಸಿನಿಮಾ ಮಾಡುವುದನ್ನು ಮೊದಲಿಂದ ಕೊನೆವರೆಗೂ ಹೇಳಿಕೊಡುತ್ತಾರಂತೆ. 38 ಗಂಟೆ ವಿಡಿಯೊ, ಕೊನೆಗೆ ಸರ್ಟಿಫಿಕೇಟ್. 11,999 ಇದ್ದದ್ದು ಇವತ್ತು ರಾತ್ರಿ 12ರವರೆಗೆ ಮಾತ್ರ 4,999. ಅಪ್ಪ "ಗುಂಪಿನಲ್ಲಿ ಹಾಕು, ಅಣ್ಣ ಏನು ಹೇಳುತ್ತಾನೋ ನೋಡೋಣ" ಅಂದರು. ತಗೊಳ್ಳಲಾ?

ಚಿಕ್ಕಮ್ಮ: ಎರಡು ದಿನದಿಂದ ಊಟಕ್ಕೆ ಕೂತರೂ ಇದೇ ಮಾತು. ಯಾರಾದರೂ ಒಂದು ತೀರ್ಮಾನ ಹೇಳಿ.

ಸರಸ್ವತಿಪುರಂ ಅತ್ತೆ: ತಗೋ ಪುಟ್ಟ. ಕಲಿಯುವುದಕ್ಕೆ ಹಾಕಿದ ದುಡ್ಡು ದಂಡ ಅಲ್ಲ. ಕಡಿಮೆ ಬಿದ್ದರೆ ನಾನು ಕೊಡುತ್ತೇನೆ.

ನಾನು: ಪುಟ್ಟ, ದುಡ್ಡು ಕಟ್ಟಬೇಡ, ಸ್ವಲ್ಪ ತಡಿ. ಆಫೀಸಿನಿಂದ ಮನೆಗೆ ಹೋಗಿ ಬರೆಯುತ್ತೇನೆ.

ಭಾವ: ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಇರುತ್ತದೆ, ನೋಡಿದೆಯಾ? 4,999 ಅಂದರೆ ಕೈಯಿಂದ ಹೋಗುವುದು 5,899.

ಪುಟ್ಟ: ಅದು ನೋಡಿರಲಿಲ್ಲ ಭಾವ.

ನಾನು: ಬಂದೆ. ಉದ್ದ ಆಗುತ್ತದೆ, ಆದರೂ ಓದು. ನಾಲ್ಕು ವರ್ಷದ ಹಿಂದೆ ನಾನೂ ಇಂಥದ್ದೇ ಒಂದು ಕೋರ್ಸಿಗೆ 6,500 ಕೊಟ್ಟಿದ್ದೆ, ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಯಾರ ಕೋರ್ಸು ಅಂತ ಹೆಸರು ಬೇಡ. ಪಾಠ ಮಾಡುವವರು ಅಮೆರಿಕದವರು, ಚೆನ್ನಾಗಿಯೇ ಹೇಳುತ್ತಿದ್ದರು. ಸೆಕೆಂಡಿಗೆ 30 ಫ್ರೇಮ್, ಅಂದರೆ 30 ಚಿತ್ರ ಇಡಿ, ಶಟರ್, ಅಂದರೆ ಒಂದೊಂದು ಚಿತ್ರಕ್ಕೂ ಬೆಳಕು ಬಿಡುವ ಹೊತ್ತು, ಸೆಕೆಂಡಿನ 60ರಲ್ಲಿ ಒಂದು ಭಾಗ ಇಡಿ ಅಂದರು, ನಾನು ಹಾಗೇ ಇಟ್ಟೆ. ಆಮೇಲೆ ಅಕ್ಕನ ಸೀಮಂತಕ್ಕೆ ಕ್ಯಾಮೆರಾ ತಗೊಂಡು ಹೋದೆ. ಛತ್ರದ ತುಂಬಾ ಟ್ಯೂಬ್‌ಲೈಟು. ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ನೋಡಿದರೆ ಎಲ್ಲ ವಿಡಿಯೊದಲ್ಲೂ ಕಪ್ಪು ಪಟ್ಟಿ ಮೇಲಿಂದ ಕೆಳಗೆ ಹರಿಯುತ್ತಿದೆ. ಅಕ್ಕ ಬಳೆ ತೊಡಿಸಿಕೊಳ್ಳುವುದು, ಅಜ್ಜಿ ಆರತಿ ಎತ್ತುವುದು, ಯಾವುದೂ ಉಳಿಯಲಿಲ್ಲ. ಅಜ್ಜಿ ಇದ್ದ ಕೊನೆಯ ಫಂಕ್ಷನ್ ಅದು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಚಿಕ್ಕಮ್ಮ: ಅಯ್ಯೋ, ಅದಕ್ಕೇನಾ ನೀನು ಆ ವಿಡಿಯೊ ಯಾರಿಗೂ ಕೊಡದೆ ಹೋಗಿದ್ದು?

ನಾನು: ಹೂಂ ಚಿಕ್ಕಮ್ಮ. ಕಾರಣ ಗೊತ್ತಾದದ್ದು ಆರು ತಿಂಗಳು ಕಳೆದ ಮೇಲೆ. ಮಂಡ್ಯದಲ್ಲಿ ಮದುವೆ ವಿಡಿಯೊ ಮಾಡುವ ಒಬ್ಬರು ನೋಡಿದ ತಕ್ಷಣ ಹೇಳಿದರು. ನಮ್ಮ ದೇಶದ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸುತ್ತು, ಅಮೆರಿಕದ್ದು 60. ಒಂದು ಸುತ್ತಿಗೆ ಎರಡು ಸಲದಂತೆ ನಮ್ಮಲ್ಲಿ ಟ್ಯೂಬ್‌ಲೈಟಿನ ಬೆಳಕು ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ, ಕಣ್ಣಿಗೆ ಕಾಣಿಸುವುದಿಲ್ಲ ಅಷ್ಟೇ. ಶಟರ್ 50ರಲ್ಲಿ ಒಂದು ಇಟ್ಟರೆ ಒಂದೊಂದು ಫ್ರೇಮಿಗೂ ಸರಿಯಾಗಿ ಎರಡು ಏರಿಳಿತ ಸಿಗುತ್ತದೆ, ಎಲ್ಲ ಫ್ರೇಮಿಗೂ ಬೆಳಕು ಒಂದೇ ಸಮ. 60ರಲ್ಲಿ ಒಂದು ಇಟ್ಟರೆ ಲೆಕ್ಕ ಕೂಡುವುದಿಲ್ಲ, ಪಟ್ಟಿ ಬರುತ್ತದೆ. ಮೆನುವಿನಲ್ಲಿ ವಿಡಿಯೊ ಸಿಸ್ಟಮ್ ಅಂತ ಇದೆಯಲ್ಲ, ಅದನ್ನು ಪಾಲ್‌ಗೆ, ಅಂದರೆ ನಮ್ಮ ದೇಶದ ವಿಡಿಯೊ ಪದ್ಧತಿಗೆ ಹಾಕಿ 25 ಫ್ರೇಮ್, ಶಟರ್ 50ರಲ್ಲಿ ಒಂದು ಇಟ್ಟರೆ ಮುಗಿಯಿತು. ಎರಡು ನಿಮಿಷದ ಕೆಲಸ. ನನ್ನ ಕೋರ್ಸಿನ ಅಷ್ಟೂ ವಿಡಿಯೊದಲ್ಲಿ ಈ ಮಾತು ಒಂದು ಕಡೆಯೂ ಇರಲಿಲ್ಲ. ಅವರ ಊರಲ್ಲಿ ಅದು ಬೇಕೇ ಇಲ್ಲವಲ್ಲ.

ಪುಟ್ಟ: ಅಣ್ಣ, ನಾನೂ 30 ಫ್ರೇಮ್ ಇಟ್ಟಿದ್ದೇನೆ. ಯೂಟ್ಯೂಬ್ ನೋಡಿ ಇಟ್ಟಿದ್ದು.

ಸರಸ್ವತಿಪುರಂ ಅತ್ತೆ: ನೋಡಿದೆಯಾ? ಫ್ರೀ ಅಂತ ನೋಡಿದರೂ ಅದೇ ತಪ್ಪು ತಾನೇ ಆಗಿದ್ದು. ನಿನಗೆ ಸಿಕ್ಕ ಒಂದು ಕೋರ್ಸು ಸರಿ ಇರಲಿಲ್ಲ ಅಂದರೆ ದುಡ್ಡು ಕೊಟ್ಟು ಕಲಿಯುವುದೇ ತಪ್ಪು ಅಂತ ಆಗುತ್ತದಾ? ನಾನು 26 ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಮಕ್ಕಳಿಗೆ ವಿಷಯ ಸಿಗುವುದಿಲ್ಲ ಅನ್ನುವುದು ಯಾವಾಗಲೂ ಕಷ್ಟ ಅಲ್ಲ, ಯಾವುದು ಮೊದಲು ಯಾವುದು ಆಮೇಲೆ ಅಂತ ಗೊತ್ತಾಗದೆ ಇರುವುದೇ ಕಷ್ಟ. ಯೂಟ್ಯೂಬಿನಲ್ಲಿ ಇವತ್ತು ಲೆನ್ಸು, ನಾಳೆ ಕಲರ್ರು, ನಾಡಿದ್ದು ಡ್ರೋನು. ವರ್ಷ ಆದರೂ ಹುಡುಗ ಅಲ್ಲೇ ಇರುತ್ತಾನೆ. ದುಡ್ಡು ಕೊಟ್ಟರೆ ಒಂದು ಕ್ರಮ ಸಿಗುತ್ತದೆ, ಕೊಟ್ಟಿದ್ದೇನಲ್ಲ ಅಂತ ಕೂತು ಮುಗಿಸುತ್ತಾನೆ.

ನಾನು: ಅತ್ತೆ, ಕ್ರಮದ ವಿಷಯ ನೀವು ಹೇಳಿದ್ದು ಪೂರ್ತಿ ನಿಜ, ಒಪ್ಪಿದೆ. ಆದರೆ ನಾನು ದುಡ್ಡು ಕೊಟ್ಟೂ ಮೂರನೇ ಭಾಗ ಕೂಡ ನೋಡಲಿಲ್ಲ. ಯಾರೂ ಕೇಳುವವರಿಲ್ಲ. ನೀವು ಕ್ಲಾಸಿನಲ್ಲಿ ಹೋಮ್‌ವರ್ಕ್ ನೋಡುತ್ತೀರಿ, ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತೀರಿ. ಈ ವಿಡಿಯೊ ಪುಟ್ಟ ಮಾಡಿದ್ದನ್ನು ನೋಡುವುದೇ ಇಲ್ಲ. ನನ್ನ ಸೀಮಂತದ ಕ್ಲಿಪ್ಪನ್ನು ಆಗಲೇ ಒಬ್ಬರು ನೋಡಿದ್ದರೆ ಒಂದೇ ಮಾತಿನಲ್ಲಿ ಸರಿ ಆಗುತ್ತಿತ್ತು.

ಸರಸ್ವತಿಪುರಂ ಅತ್ತೆ: ನಮ್ಮ ಮೈಸೂರಿನವರೇ ವಿ.ಕೆ. ಮೂರ್ತಿ ಇದ್ದರಲ್ಲ, ಕ್ಯಾಮೆರಾ ಕೆಲಸಕ್ಕೆ ಫಾಲ್ಕೆ ಪ್ರಶಸ್ತಿ ಪಡೆದವರು, ಅವರೂ ಕಲಿತೇ ಹೋಗಿದ್ದು. ಸುಮ್ನೆ ಕ್ಯಾಮೆರಾ ಹಿಡಿದು ಓಡಾಡಿದ್ದಲ್ಲ.

ನಾನು: ಅವರ ಹೆಸರು ತೆಗೆದಿರಲ್ಲ ಅತ್ತೆ, ತುಂಬಾ ಖುಷಿ ಆಯಿತು. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ, ಕ್ಯಾಮೆರಾಮನ್ ಒಬ್ಬರಿಗೆ ಅದು ಬಂದದ್ದು ಅದೇ ಮೊದಲು. ಕಲಿತಿದ್ದು ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. ಆದರೆ ಅಲ್ಲಿಗೇ ನಿಲ್ಲಿಸಲಿಲ್ಲ. ಬೊಂಬಾಯಿಗೆ ಹೋಗಿ ಕ್ಯಾಮೆರಾಮನ್ ಫಾಲಿ ಮಿಸ್ತ್ರಿ ಹತ್ತಿರ ಅಸಿಸ್ಟೆಂಟ್ ಆಗಿ ದುಡಿದರು. ಪಾಲಿಟೆಕ್ನಿಕ್‌ನಲ್ಲಿ ಮೇಷ್ಟರು, ಸೆಟ್‌ನಲ್ಲಿ ಗುರು. ಎರಡು ಕಡೆಯೂ ತಪ್ಪು ತೋರಿಸುವ ಕಣ್ಣು ಇತ್ತು. ನಾನು ಅದಕ್ಕೆ ದುಡ್ಡು ಕೊಡಬೇಡ ಅನ್ನುತ್ತಿಲ್ಲ. ಅಂಥವರು ಸಿಕ್ಕರೆ 5,899 ಅಲ್ಲ, ಹತ್ತು ಸಾವಿರ ಕೊಟ್ಟರೂ ಜಾಸ್ತಿ ಅಲ್ಲ.

ಪುಟ್ಟ: ಇದರಲ್ಲಿ ಮೆಂಟರ್ ಸಪೋರ್ಟ್ ಅಂತ ಬರೆದಿದ್ದಾರೆ ಅಣ್ಣ.

ನಾನು: ಅದನ್ನು ಒತ್ತಿ ನೋಡು. ಮನುಷ್ಯರು ಇದ್ದಾರಾ, ಬರೀ ಗುಂಪಿಗೆ ಸೇರಿಸುತ್ತಾರಾ? ಪಾಠ ಯಾವ ವರ್ಷ ರೆಕಾರ್ಡ್ ಮಾಡಿದ್ದು, ಯಾವ ಕ್ಯಾಮೆರಾದಲ್ಲಿ? ಬಿಟ್ಟಿ ತೋರಿಸುವ ಮೊದಲ ಪಾಠ ಇರುತ್ತದೆ, ನೋಡಿ ಹೇಳು.

ಪುಟ್ಟ: ನೋಡಿದೆ. ಮೆಂಟರ್ ಅಂದರೆ ಟೆಲಿಗ್ರಾಂ ಗುಂಪು. ಕೊನೆಯ ಅಪ್‌ಡೇಟ್ 2016 ಅಂತ ಇದೆ. 38 ಗಂಟೆಯಲ್ಲಿ 9 ಗಂಟೆ ಕ್ಯಾಮೆರಾ ಬಟನ್‌ಗಳ ಬಗ್ಗೆ. ಸೌಂಡಿಗೆ ಒಂದು ಗಂಟೆ.

ನಾನು: ಸೌಂಡಿಗೆ ಒಂದೇ ಗಂಟೆ ಅನ್ನುವುದೇ ಬೇಜಾರು. 2008ರಲ್ಲಿ ವಿಡಿಯೊ ತೆಗೆಯುವ ಕ್ಯಾನನ್ 5ಡಿ ಮಾರ್ಕ್ 2 ಕ್ಯಾಮೆರಾ ಬಂದಾಗ ಎಲ್ಲರೂ ಕಷ್ಟಪಟ್ಟಿದ್ದು ಸೌಂಡಿಗೇ. ಇವತ್ತೂ ಹೊಸಬರ ಕಿರುಚಿತ್ರ ನೋಡಿದರೆ ಚಿತ್ರ ಚೆನ್ನಾಗಿರುತ್ತದೆ, ಮಾತು ಕೇಳಿಸುವುದಿಲ್ಲ. ನಿನ್ನ ಕ್ಯಾಮೆರಾ ಕ್ಯಾನನ್ 1500ಡಿ ಅಲ್ವಾ? ಅದಕ್ಕೆ ಮೈಕ್ ಚುಚ್ಚುವ ತೂತೇ ಇಲ್ಲ. ಕೋರ್ಸಿನಲ್ಲಿ ಎಂಥ ಮೈಕ್ ತೋರಿಸಿದರೂ ನಿನ್ನ ಕ್ಯಾಮೆರಾಗೆ ಹಾಕಲು ಆಗುವುದಿಲ್ಲ. ಸಾವಿರ ರೂಪಾಯಿ ಒಳಗೆ ಒಂದು ವೈರಿನ ಕಾಲರ್ ಮೈಕ್ ತಗೋ, ಮೊಬೈಲಿಗೆ ಹಾಕು, ಮೊಬೈಲನ್ನು ಮಾತಾಡುವವರ ಜೇಬಿನಲ್ಲಿ ಇಡು. ಶುರುವಿನಲ್ಲಿ ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ ತಟ್ಟು. ಎಡಿಟ್ ಮಾಡುವಾಗ ಕೈ ಕೂಡುವ ಫ್ರೇಮಿಗೆ ಆ ಸದ್ದನ್ನು ಕೂರಿಸಿದರೆ ಸಿಂಕ್ ಆಯಿತು, ಚಿತ್ರಕ್ಕೂ ಮಾತಿಗೂ ತಾಳೆ ಬಂತು. ಎಡಿಟಿಂಗಿಗೆ ಡಾವಿಂಚಿ ರಿಸಾಲ್ವ್ ಅನ್ನುವ ಸಾಫ್ಟ್‌ವೇರ್ ಫ್ರೀ ಇದೆ. ಅದನ್ನು ಮಾಡುವ ಬ್ಲ್ಯಾಕ್‌ಮ್ಯಾಜಿಕ್‌ನವರೇ ತಮ್ಮ ಸೈಟಿನಲ್ಲಿ ಪಾಠದ ಪುಸ್ತಕ, ಅಭ್ಯಾಸದ ಫೈಲು ಬಿಟ್ಟಿ ಕೊಡುತ್ತಾರೆ. ಅತ್ತೆ, ನೀವು ಹೇಳಿದ ಕ್ರಮ ಅದರಲ್ಲಿ ಅಧ್ಯಾಯದ ಲೆಕ್ಕದಲ್ಲಿ ಇದೆ.

ಭಾವ: ಒಟ್ಟು ಎಷ್ಟಾಯಿತು?

ನಾನು: ಮೈಕ್ ಸಾವಿರ, ಗಟ್ಟಿ ಟ್ರೈಪಾಡ್ ಎರಡರಿಂದ ಎರಡೂವರೆ ಸಾವಿರ, ಬಿಸಿಲಿಗೆ ಒಂದು ಎನ್‌ಡಿ ಫಿಲ್ಟರ್, ಅಂದರೆ ಬೆಳಕು ಕಡಿಮೆ ಮಾಡಲು ಲೆನ್ಸಿನ ಮುಂದೆ ಹಾಕುವ ಕಪ್ಪು ಗಾಜು. ಅದು ಯಾಕೆ ಅಂದರೆ ಪುಟ್ಟ, ಶಟರ್ 50ರಲ್ಲಿ ಒಂದು ಅಂತ ಕಟ್ಟಿ ಹಾಕಿದ ಮೇಲೆ ಮಧ್ಯಾಹ್ನದ ಬಿಸಿಲಲ್ಲಿ ಚಿತ್ರ ಪೂರ್ತಿ ಬಿಳಿ ಹೊಡೆಯುತ್ತದೆ. ಸೆನ್ಸರಿನ ಸೂಕ್ಷ್ಮತೆ ಐಎಸ್‌ಒ 100, ಲೆನ್ಸಿನ ಕಿಂಡಿ ಎಫ್ 5.6 ಇಟ್ಟರೂ ನಾಲ್ಕು ಸ್ಟಾಪ್, ಅಂದರೆ 16 ಪಟ್ಟು ಬೆಳಕು ಜಾಸ್ತಿ, ಅದಕ್ಕೆ ಎನ್‌ಡಿ 16 ಬೇಕು. ನಿನ್ನ 18–55 ಲೆನ್ಸಿಗೆ 58 ಎಂಎಂ ಅಳತೆಯದು. ಕೋರ್ಸಿನ ದುಡ್ಡಿನಲ್ಲಿ ಇಷ್ಟೂ ಬಂದು ಮಿಗುತ್ತದೆ.

ಸರಸ್ವತಿಪುರಂ ಅತ್ತೆ: ಸಾಮಾನು ಬಂತು, ಸರಿ. ತಪ್ಪು ತೋರಿಸುವ ಕಣ್ಣು ಯಾರದ್ದು? ನೀನು ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ರಾತ್ರಿ ಬರುವವನು. ಎಷ್ಟು ದಿನ ಅವನದ್ದು ನೋಡುತ್ತೀಯಾ?

ನಾನು: ಈ ಪ್ರಶ್ನೆ ನ್ಯಾಯವಾಗಿದೆ ಅತ್ತೆ. ದಿನಾ ನೋಡುತ್ತೇನೆ ಅಂತ ಸುಳ್ಳು ಹೇಳುವುದಿಲ್ಲ. ಮೂರು ಚಿಕ್ಕ ಫಿಲ್ಮು ಮಾಡಲಿ, ಒಂದೊಂದೂ ಐದು ನಿಮಿಷದ ಒಳಗೆ. ಮೂರನ್ನೂ ಕೂತು ಶಾಟ್ ಶಾಟ್ ನೋಡುತ್ತೇನೆ, ಮಂಡ್ಯದ ಆ ಮದುವೆ ವಿಡಿಯೊದವರ ಹತ್ತಿರವೂ ಕರೆದುಕೊಂಡು ಹೋಗುತ್ತೇನೆ. ಸೀಸನ್ನಿನಲ್ಲಿ ಅವರ ಜೊತೆ ನಾನು ಎಂಟು ಮದುವೆಗೆ ಟ್ರೈಪಾಡ್ ಹೊತ್ತೆ, ಕೋರ್ಸಿಗಿಂತ ಅಲ್ಲೇ ಹೆಚ್ಚು ಕಲಿತೆ. ಮೂರು ಫಿಲ್ಮ್ ಆದ ಮೇಲೆ ಇವನಿಗೆ ಗೊತ್ತಾಗುತ್ತದೆ, ಕಲರ್ ಬರುತ್ತಿಲ್ಲವಾ, ಸೌಂಡ್ ಬರುತ್ತಿಲ್ಲವಾ, ಕಥೆಯೇ ನಿಲ್ಲುತ್ತಿಲ್ಲವಾ ಅಂತ. ಆಗ ಅದೊಂದಕ್ಕೇ ಇರುವ ಒಳ್ಳೆ ಕೋರ್ಸು ತಗೊಳ್ಳಲಿ, ಅರ್ಧ ದುಡ್ಡು ನನ್ನದು.

ಸರಸ್ವತಿಪುರಂ ಅತ್ತೆ: ಇನ್ನರ್ಧ ನನ್ನದು. ಆದರೆ ತಾರೀಕು ಹಾಕಿ ಹೇಳಬೇಕು, ಮೊದಲನೆಯದು ಯಾವಾಗ ಮುಗಿಯುತ್ತದೆ ಅಂತ. ಇಲ್ಲದಿದ್ದರೆ ಇದೂ ಮಾತಲ್ಲೇ ಉಳಿಯುತ್ತದೆ.

ಪುಟ್ಟ: ಏನು ಶೂಟ್ ಮಾಡುವುದು ಅಂತಾನೇ ಗೊತ್ತಾಗುತ್ತಿಲ್ಲ ಅಣ್ಣ.

ಮಂಡ್ಯ ದೊಡ್ಡಪ್ಪ: ಎಲ್ಲ ಓದಿದೆ. ನನಗೆ ಕ್ಯಾಮೆರಾ ಗೊತ್ತಿಲ್ಲ. ನಮ್ಮ ಆಲೆಮನೆ ಹೋದ ವಾರ ಶುರುವಾಗಿದೆ. ಬಾ ಮಗ.

ನಾನು: ದೊಡ್ಡಪ್ಪ!! ಇದು ನನಗೆ ಹೊಳೆಯಲೇ ಇಲ್ಲ. ಪುಟ್ಟ, ಹೋಗು. ವಿ.ಕೆ. ಮೂರ್ತಿ 1959ರಲ್ಲಿ ಗುರುದತ್ ಚಿತ್ರಕ್ಕೆ ಸ್ಟುಡಿಯೊ ಒಳಗೆ ಒಂದು ಬೆಳಕಿನ ಕೋಲು ತರಲು ದೊಡ್ಡ ಕನ್ನಡಿಗಳಿಂದ ಬಿಸಿಲನ್ನು ತಿರುಗಿಸಿದರು. ದೊಡ್ಡಪ್ಪನ ಆಲೆಮನೆಯಲ್ಲಿ ಹೆಂಚಿನ ಸಂದಿಯಿಂದ ಬಿಸಿಲು ತಾನೇ ಇಳಿಯುತ್ತದೆ, ಕೊಪ್ಪರಿಗೆಯ ಹಬೆ ಅದನ್ನು ಹಿಡಿದು ತೋರಿಸುತ್ತದೆ. ಎಂಟೂವರೆ ಒಂಬತ್ತರ ಹೊತ್ತಿಗೆ ಹಬೆಗೆ ಎದುರಾಗಿ ನಿಲ್ಲು, ಬಿಸಿಲು ಹಬೆಯ ಹಿಂದಿನಿಂದ ಬರಬೇಕು. ಎಕ್ಸ್‌ಪೋಶರ್, ಅಂದರೆ ಬೆಳಕಿನ ಅಳತೆ, ಮ್ಯಾನುಯಲ್‌ನಲ್ಲಿ ಇಡು, ಆಟೋದಲ್ಲಿ ಬಿಟ್ಟರೆ ಬಿಳಿ ಹಬೆ ನೋಡಿ ಮುಖ ಕಪ್ಪು ಮಾಡಿಬಿಡುತ್ತದೆ. ಬಣ್ಣ ಸರಿಹೊಂದಿಸುವ ವೈಟ್ ಬ್ಯಾಲೆನ್ಸ್ ಡೇಲೈಟ್‌ಗೆ ಹಾಕು, ಒಲೆಯ ಕೆಂಪು ಹಾಗೇ ಉಳಿಯಲಿ. ಫೋಕಸ್ ಕೈಯಲ್ಲೇ ಮಾಡು, ನಿನ್ನ ಕ್ಯಾಮೆರಾ ವಿಡಿಯೊದಲ್ಲಿ ಫೋಕಸ್ ಹುಡುಕುತ್ತಾ ಕೂರುತ್ತದೆ. ದೊಡ್ಡಪ್ಪನ ಮಾತನ್ನು ಗಾಣ ನಿಂತಾಗ ರೆಕಾರ್ಡ್ ಮಾಡು, ತಿರುಗುವಾಗ ಒಂದಕ್ಷರ ಕೇಳಿಸುವುದಿಲ್ಲ. ಗಾಣದ ಸದ್ದನ್ನು ಬೇರೆಯಾಗಿ ಎರಡು ನಿಮಿಷ ತಗೋ.

ಮಂಡ್ಯ ದೊಡ್ಡಪ್ಪ: ಪಾಕ ಇಳಿಸಿ ಅಚ್ಚಿಗೆ ಹಾಕುವ ಹೊತ್ತು ಬಿಡಬೇಡ. ಹದ ತಪ್ಪಿದರೆ ಬೆಲ್ಲ ಕಟ್ಟುವುದಿಲ್ಲ, ಎಲ್ಲರ ಮುಖವೂ ಕೊಪ್ಪರಿಗೆ ಮೇಲೇ ಇರುತ್ತದೆ. ನಾನು 40 ವರ್ಷ ನೋಡಿದ್ದೇನೆ, ನನಗೂ ಆಗ ಮಾತು ಬರುವುದಿಲ್ಲ.

ಚಿಕ್ಕಮ್ಮ: ಮಂಡ್ಯ ಭಾವ, ಬಿಸಿ ಪಾಕದ ಹತ್ತಿರ ಇವನನ್ನು ಬಿಡಬೇಡಿ.

ಮಂಡ್ಯ ದೊಡ್ಡಪ್ಪ: ನಾನು ಪಕ್ಕದಲ್ಲೇ ಇರುತ್ತೇನಮ್ಮ.

ಪುಟ್ಟ: ಅಣ್ಣ, ಪಾಲ್ ಸಿಕ್ಕಿತು. 25ಕ್ಕೆ ಹಾಕಿ ಶಟರ್ 50 ಇಟ್ಟು ಅಡುಗೆಮನೆ ಟ್ಯೂಬ್‌ಲೈಟಿನ ಕೆಳಗೆ ಅಮ್ಮನನ್ನು ತೆಗೆದೆ. ಮೊದಲು 30ರಲ್ಲಿ ತೆಗೆದದ್ದು, ಆಮೇಲೆ ಇದು. ಎರಡೂ ಹಾಕಿದ್ದೇನೆ ನೋಡಿ.

ನಾನು: ನೋಡಿದೆ. ಎರಡನೆಯದರಲ್ಲಿ ಪಟ್ಟಿ ಇಲ್ಲವೇ ಇಲ್ಲ.

ಸರಸ್ವತಿಪುರಂ ಅತ್ತೆ: ನನಗೂ ಕಾಣಿಸಿತು ಪುಟ್ಟ, ಮೊದಲನೆಯದರಲ್ಲಿ ಗೋಡೆ ಮೇಲೆ ಹರಿಯುತ್ತಿದೆ. ತಾರೀಕು ಹೇಳು.

ಪುಟ್ಟ: ಈ ಭಾನುವಾರ ಶೂಟಿಂಗ್ ಅತ್ತೆ. ಮುಂದಿನ ಭಾನುವಾರ ಇದೇ ಗುಂಪಿನಲ್ಲಿ ಹಾಕುತ್ತೇನೆ. ದೊಡ್ಡಪ್ಪ, ಎಷ್ಟು ಹೊತ್ತಿಗೆ ಬರಲಿ?

ಮಂಡ್ಯ ದೊಡ್ಡಪ್ಪ: ಐದಕ್ಕೆ ಒಲೆ ಹಚ್ಚುತ್ತಾರೆ. ಶನಿವಾರ ಸಾಯಂಕಾಲವೇ ಬಂದುಬಿಡು, ಬೆಳಿಗ್ಗೆ ಚಳಿ ಇರುತ್ತದೆ, ಸ್ವೆಟರ್ ತಗೊಂಡು ಬಾ.