ಅಕ್ಕನ ಕಾಲಿನ ಊತ ಮಾತ್ರೆಯದ್ದಾ, ಹೃದಯದ್ದಾ? ಸಹಾಯ ಬೇಕು

ನಮ್ಮಕ್ಕನಿಗೆ ಪಲ್ಮನರಿ ಆರ್ಟೀರಿಯಲ್ ಹೈಪರ್‌ಟೆನ್ಷನ್ ಇದೆ. ಮಾಮೂಲಿ ಬಿಪಿ ಅಲ್ಲ, ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಲ್ಲಿ ಒತ್ತಡ ಜಾಸ್ತಿ. ತೋಳಿಗೆ ಪಟ್ಟಿ ಕಟ್ಟಿ ನೋಡಿದರೆ ನಾರ್ಮಲ್ಲೇ ಬರುತ್ತದೆ, ಅದಕ್ಕೇ ಯಾರೂ ನಂಬುವುದಿಲ್ಲ! ಹೃದಯದೊಳಗೆ ಕ್ಯಾಥೆಟರ್ (ತೆಳುವಾದ ನಳಿಕೆ) ಹಾಕಿ ನೋಡಿಯೇ ಖಚಿತ ಮಾಡಿದ್ದು.

ಆ ರಕ್ತನಾಳ ಸಡಿಲಿಸುವ ಮಾತ್ರೆಗಳಲ್ಲಿ ಮೊದಲು ಸಿಲ್ಡೆನಾಫಿಲ್ 20 ಮಿ.ಗ್ರಾಂ, ದಿನಕ್ಕೆ ಮೂರು ಸಲ ಇತ್ತು. ಐದು ವಾರದ ಹಿಂದೆ ಆಂಬ್ರಿಸೆಂಟಾನ್ 5 ಮಿ.ಗ್ರಾಂ ಸೇರಿಸಿದರು. ಏದುಸಿರು ಕಡಿಮೆಯಾಗಿದೆ, ಈಗ ನಡುವೆ ನಿಲ್ಲದೆ ಮೆಟ್ಟಿಲು ಹತ್ತುತ್ತಾಳೆ. ಆದರೆ ಕಾಲು ಊದಿಕೊಂಡಿದೆ. ಸಂಜೆ ಹೊತ್ತು ಕಣಕಾಲು ಒತ್ತಿದರೆ ಬೆರಳಿನ ಗುಳಿ ಹಾಗೇ ಉಳಿಯುತ್ತದೆ. ತೂಕ 2 ಕಿಲೋ ಏರಿದೆ.

ಉಪ್ಪು ಕಡಿಮೆ ಮಾಡಿದೆವು. ಫೋನಿನಲ್ಲಿ ಕೇಳಿದಾಗ ಡಾಕ್ಟರು ನೀರು ಇಳಿಸುವ ಮಾತ್ರೆ ಜಾಸ್ತಿ ಮಾಡಿದರು. ಸ್ವಲ್ಪ ಇಳಿದು ಮತ್ತೆ ಬಂತು. ನಾವಾಗಿ ಯಾವ ಮಾತ್ರೆಯನ್ನೂ ನಿಲ್ಲಿಸಿಲ್ಲ, ಆ ಧೈರ್ಯ ನನಗಿಲ್ಲ.

ತಲೆ ಕೆಟ್ಟಿರುವುದು ಇಲ್ಲಿ. ಆಂಬ್ರಿಸೆಂಟಾನ್‌ನಿಂದಲೂ ಕಾಲು ಊದುತ್ತದೆ, ಹೃದಯದ ಬಲಭಾಗ ಸೋತರೂ ಹೀಗೇ ಊದುತ್ತದೆ ಅಲ್ವಾ? ಉಸಿರು ಚೆನ್ನಾಗಿದ್ದು ಕಾಲು ಮಾತ್ರ ಊದಿದರೆ ಯಾವುದು ಅಂತ ಹೇಗೆ ತಿಳಿಯುವುದು? ಎಕೋ (ಹೃದಯದ ಸ್ಕ್ಯಾನ್), ಬಿಎನ್‌ಪಿ (ಹೃದಯದ ಮೇಲಿನ ಒತ್ತಡ ತಿಳಿಸುವ) ರಕ್ತಪರೀಕ್ಷೆ ಈಗಲೇ ಮಾಡಿಸಿ ಅಂತ ಡಾಕ್ಟರಿಗೆ ಹೇಳಬೇಕಾ, ಎರಡು ವಾರದ ಮೇಲಿರುವ ಭೇಟಿವರೆಗೆ ಕಾಯಬಹುದಾ?