ಗಗನಯಾನಕ್ಕೆ "ನಿಲ್ಲಿಸಿ" ಅನ್ನೋಕೆ ಇಸ್ರೋ ಹೊರಗಿನವರು ಬೇಕಲ್ವಾ?

ಮಲ್ನಾಡ್‌ಹುಡುಗ:
ಇಸ್ರೋದಲ್ಲಿ ಸೇಫ್ಟಿ ನೋಡಲ್ಲ ಅಂತ ಹೇಳ್ತಿಲ್ಲ, ರಿವ್ಯೂ ಮೇಲೆ ರಿವ್ಯೂ ಮಾಡ್ತಾರೆ ಗೊತ್ತು. ಆದ್ರೆ ಇಸ್ರೋ ಅಧ್ಯಕ್ಷರೇ ಬಾಹ್ಯಾಕಾಶ ಇಲಾಖೆ ಕಾರ್ಯದರ್ಶಿ, ಅವರೇ ಬಾಹ್ಯಾಕಾಶ ಆಯೋಗದ ಅಧ್ಯಕ್ಷರು ಕೂಡ. ನಾಳೆ ಒಳಗೆ ಮನುಷ್ಯರು ಕೂತಾಗ, ಡೇಟ್ ಕೊಟ್ಟಾಗಿದೆ, ದೇಶ ಎಲ್ಲ ಕಾಯ್ತಿದೆ, ಆಗ ಯಾರು ಬೇಡ ಅಂತಾರೆ? ನಾಸಾದಲ್ಲಿ ಇದಕ್ಕೇ ಒಂದು ಪ್ಯಾನೆಲ್ ಇದೆಯಂತೆ, ಅದ್ರಿಂದ ಪ್ರಯೋಜನ ಆಗಿದ್ಯಾ?

ಸುಮಾ_ಮೈಸೂರು:
ಇದೆ, 1967ರ ಜನವರಿಲಿ ಅಪೊಲೊ 1ರಲ್ಲಿ ನೆಲದ ಮೇಲೇ ಬೆಂಕಿ ಬಿದ್ದು ಮೂವರು ತೀರಿಕೊಂಡ್ರಲ್ಲ, ಆಮೇಲೆ ಅಮೆರಿಕದ ಕಾಂಗ್ರೆಸ್ಸೇ ಅದನ್ನ ಮಾಡಿಸ್ತು. ಆದ್ರೆ ಪ್ಯಾನೆಲ್ ಇದ್ದೂ 1986ರಲ್ಲಿ ಚಾಲೆಂಜರ್ ಶಟಲ್ ನೌಕೆ ಜನರ ಸಮೇತ ಹೋಯ್ತು, 2003ರಲ್ಲಿ ಕೊಲಂಬಿಯಾ ಹೋಯ್ತು. ನಮ್ಮ ಕಲ್ಪನಾ ಚಾವ್ಲಾ ಇದ್ದಿದ್ದು ಅದ್ರಲ್ಲೇ. ಉಡಾವಣೆ ಹೊತ್ತಲ್ಲಿ ಇಂಧನ ಟ್ಯಾಂಕಿನ ಫೋಮ್ ತುಂಡು ಎಡ ರೆಕ್ಕೆಗೆ ಬಡಿದಿದ್ದು ಮಾರನೇ ದಿನವೇ ವಿಡಿಯೋದಲ್ಲಿ ಕಂಡಿತ್ತು, ರೆಕ್ಕೆಯ ಫೋಟೊ ತೆಗೆಸಿ ಅಂತ ಇಂಜಿನಿಯರ್‌ಗಳು ಕೇಳಿದ್ರೂ ಮೇಲಿನವರು ತೆಗೆಸ್ಲಿಲ್ಲ. ಅದನ್ನ ಓದಿದಾಗೆಲ್ಲ ನಂಗೆ ಹೊಟ್ಟೆ ಉರಿಯುತ್ತೆ. ತನಿಖಾ ಮಂಡಳಿ ಹೇಳಿದ್ದೂ ಅದೇ, ಸೇಫ್ಟಿ ನೋಡೋರ ದುಡ್ಡು ಶಟಲ್ ಪ್ರೋಗ್ರಾಂನವರ ಕೈಯಿಂದಲೇ ಬರ್ತಿತ್ತು, ಅವರ ವಿರುದ್ಧ ಬಾಯಿ ಬಿಡೋದು ಹೇಗೆ? ಆ ವರ್ಷ ಪ್ಯಾನೆಲ್ ಸದಸ್ಯರೆಲ್ಲ ರಾಜೀನಾಮೆ ಕೊಟ್ರು.

ರಾಕೆಟ್‌ರಾಘು:
ಮೇಡಂ, ಹೊರಗಿನವರಿಗೆ ನಮ್ಮ ಇಂಜಿನ್ ಬಗ್ಗೆ ಏನು ಗೊತ್ತಿರುತ್ತೆ? ಅದನ್ನ ಕಟ್ಟಿದವರಿಗೇ ಅದರ ವೀಕ್‌ನೆಸ್ ಗೊತ್ತು. ಫೇಲ್ ಆದ್ರೆ ತನಿಖೆ ಸಮಿತಿ ಅಂತೂ ಕೂರುತ್ತೆ.

ಸುಮಾ_ಮೈಸೂರು:
ಫೇಲ್ ಆದ್ಮೇಲೆ ಅಲ್ವಾ ಸರ್ ಅದು ಕೂರೋದು! ಪಿಎಸ್‌ಎಲ್‌ವಿ ಸಿ61 2025ರ ಮೇನಲ್ಲಿ ಮೂರನೇ ಹಂತದಲ್ಲಿ ಕೈಕೊಡ್ತು, ಸಮಿತಿ ವರದಿ ಜನಕ್ಕೆ ತೋರಿಸ್ದೇನೇ ಸಿ62 ಹಾರಿಸಿದ್ರು, 2026ರ ಜನವರಿಲಿ ಅದೂ ಮೂರನೇ ಹಂತದಲ್ಲೇ ಹೋಯ್ತು. ಅದ್ರಲ್ಲಿ ಇದ್ದಿದ್ದು ಉಪಗ್ರಹಗಳು, ಗಗನಯಾನದಲ್ಲಿ ಹಾಗಲ್ಲ.

ಕಾವೇರಿ_ತೀರ:
ರಾಘು ಅವರ ಮಾತಲ್ಲೂ ಅರ್ಧ ಸತ್ಯ ಇದೆ, ವಸ್ತು ಗೊತ್ತಿಲ್ಲದವರು ಬಂದು ಕೂತ್ರೆ ಉಪಯೋಗ ಇಲ್ಲ. ಅದಕ್ಕೇ ಕೊಲಂಬಿಯಾ ಆದ್ಮೇಲೆ ನಾಸಾ ತನ್ನ ಲ್ಯಾಂಗ್ಲಿ ಕೇಂದ್ರದಲ್ಲಿ ಬೇರೆ ಸೇಫ್ಟಿ ಸೆಂಟರ್ ಮಾಡ್ತು, ಅಲ್ಲಿರೋರು ಇಂಜಿನಿಯರ್‌ಗಳೇ, ಆದ್ರೆ ಯಾವ ಮಿಷನ್ ಬಾಸ್‌ಗೂ ಅವರು ಉತ್ತರ ಕೊಡ್ಬೇಕಾಗಿಲ್ಲ. 2024ರಲ್ಲಿ ಬೋಯಿಂಗ್ ಕಟ್ಟಿದ ಸ್ಟಾರ್‌ಲೈನರ್ ನೌಕೆಯ ಥ್ರಸ್ಟರ್ (ದಿಕ್ಕು ತಿರುಗಿಸೋ ಸಣ್ಣ ಇಂಜಿನ್) ತೊಂದರೆ ಬಂದಾಗ ಬೋಯಿಂಗ್ ಸೇಫ್ ಅಂದ್ರೂ ನಾಸಾ ಒಪ್ಪದೆ ಖಾಲಿ ವಾಪಸ್ ತಂದ್ರು, ಅದ್ರಲ್ಲಿ ಹೋಗಿದ್ದ ಸುನೀತಾ ವಿಲಿಯಮ್ಸ್ ಅವರು 2025ರ ಮಾರ್ಚ್‌ವರೆಗೂ ಬಾಹ್ಯಾಕಾಶ ನಿಲ್ದಾಣದಲ್ಲೇ ಇದ್ರು. ಇಲ್ಲೂ ಸೇಫ್ಟಿ ಟೀಮ್‌ಗೆ ಸ್ವಂತ ಬಜೆಟ್ ಇರ್ಲಿ, ವರದಿ ನೇರ ಸಂಸತ್ತಿಗೆ ಹೋಗ್ಲಿ. 1983ರಲ್ಲಿ ಅಣುಶಕ್ತಿಗೆ ನಿಯಂತ್ರಣ ಮಂಡಳಿ ಮಾಡಿ ಅದನ್ನ ಅಣುಶಕ್ತಿ ಆಯೋಗದ ಕೆಳಗೇ ಇಟ್ರಲ್ಲ, ಆ ಥರ ಮಾತ್ರ ಬೇಡ.