ಗಿಫ್ಟ್ ಪೇಪರ್, ರಿಬ್ಬನ್ ಎತ್ತಿಡೋದು ಹೇಗೆ? (ದಾವಣಗೆರೆ)

ಪ್ರಶ್ನೆ: ಬೀರು ಚಿಕ್ಕದು. 50×70 ಸೆಂ.ಮೀ. ಹಾಳೆ 30, ರಿಬ್ಬನ್, ಟೇಪು ಇವೆ. ಅಟ್ಟಕ್ಕೆ ಹಾಕಿದ್ರೆ ಆಗುತ್ತಾ?

ಉತ್ತರ 1: ಅಟ್ಟ ಬೇಡವೇ ಬೇಡ. ಏಪ್ರಿಲ್ ಬಿಸಿಲಿಗೆ ತಾರಸಿ ಕಾದರೆ ಟೇಪಿನ ಅಂಟು ಅಂಚಿಗೆ ಒಸರಿ ಧೂಳು ಮೆತ್ತಿಕೊಳ್ಳುತ್ತೆ. ಹಾಳೆಗಳನ್ನು ಹತ್ತತ್ತು ಸೇರಿಸಿ, ಬಣ್ಣದ ಬದಿ ಒಳಗೆ ಮಾಡಿ, ಸುರುಳಿ 50 ಸೆಂ.ಮೀ. ಎತ್ತರ ಬರುವಂತೆ ಸುತ್ತಿ. 4 ಇಂಚಿನ ಪಿವಿಸಿ ಪೈಪ್ 55 ಸೆಂ.ಮೀ. ಕತ್ತರಿಸಿ, ಬಾಗಿಲ ಹಿಂದೆ ನಿಲ್ಲಿಸಿ. ರಬ್ಬರ್ ಬ್ಯಾಂಡ್ ಹಾಕಿದ್ರೆ ಗೀರು ಬೀಳುತ್ತೆ, ಸೆಕೆಗೆ ಅಂಟಿಕೊಳ್ಳುತ್ತೆ. ಹಳೇ ಸೀರೆ ಪಟ್ಟಿ ಸಾಕು.

ಉತ್ತರ 2: ಪೈಪಿನ ಎರಡೂ ತುದಿಗೆ ಮುಚ್ಚಳ ಹಾಕಿ, ಜಿರಲೆ ಕಾಗದ ಕಡಿಯುತ್ತೆ. ನುಸಿಗುಳಿಗೆ ಇಡಬೇಡಿ, ಉಡುಗೊರೆಗೂ ವಾಸನೆ ಹತ್ತುತ್ತೆ.

ಉತ್ತರ 3: ರಿಬ್ಬನ್ ರಟ್ಟಿಗೆ ಸುತ್ತಿ, ತುದಿಗೆ ಗುಂಡುಪಿನ್ನು. ಹೂ-ಬೋ ಚಪ್ಪಟೆಯಾಗದಿರಲು ಖಾಲಿ ಮಂಡಕ್ಕಿ ಡಬ್ಬಿ. ನಮ್ಮೂರಲ್ಲಿ ಅದಕ್ಕೇನು ಬರವೇ!